ವಾಲ್ವ್ ಆಂಪ್ ಮತ್ತು ಅದರ ಡಿಜಿಟಲ್ ಮಾಡೆಲ್: ಮನೆಯಲ್ಲೇ ನ್ಯಾಯವಾಗಿ ಹೋಲಿಸುವ ಬಗೆ

ಹೋದ ಬೇಸಿಗೆಯಲ್ಲಿ ನಮ್ಮ ವಾದ್ಯಗೋಷ್ಠಿಯ ಕಿರಿಯ ಗಿಟಾರ್ ವಾದಕನೊಬ್ಬ ಬಳ್ಳಾರಿಯ ಕೌಲ್ ಬಜಾರಿನ ನಮ್ಮ ಮನೆಗೆ ಬಂದು, ನನ್ನ ಹಳೆಯ ವಾಲ್ವ್ ಆಂಪಿನ (ಗಾಜಿನ ವಾಲ್ವ್‌ಗಳಿಂದ ಗಿಟಾರಿನ ದನಿಯನ್ನು ಹಿಗ್ಗಿಸುವ ಆಂಪ್ಲಿಫೈಯರ್) ಮುಂದೆ ಹತ್ತು ನಿಮಿಷ ನುಡಿಸಿದ. ಆಮೇಲೆ ಲ್ಯಾಪ್‌ಟಾಪ್ ತೆರೆದು, ಅದೇ ಬಗೆಯ ಆಂಪಿನ ದನಿಯನ್ನು ಅನುಕರಿಸುವ ತಂತ್ರಾಂಶ, ಅಂದರೆ ಡಿಜಿಟಲ್ ಮಾಡೆಲ್ ಹಾಕಿಕೊಂಡು, ಹೆಡ್‌ಫೋನ್ ಕಿವಿಗೇರಿಸಿ ಇನ್ನು ಹತ್ತು ನಿಮಿಷ ನುಡಿಸಿದ. "ಅಣ್ಣ, ಇದರಲ್ಲಿ ಜೀವವೇ ಇಲ್ಲ" ಎಂದು ಲ್ಯಾಪ್‌ಟಾಪ್ ಮುಚ್ಚಿಬಿಟ್ಟ. ಮರುವಾರ ಗಂಗಾವತಿಯಿಂದ ಬಂದ ಗೆಳೆಯರೊಬ್ಬರು ಅಕ್ಕಪಕ್ಕದವರಿಗೆ ತೊಂದರೆಯಾಗದಿರಲಿ ಎಂದು ಅದೇ ಆಂಪಿನ ವಾಲ್ಯೂಮನ್ನು 2ರಲ್ಲಿಟ್ಟು ನುಡಿಸಿ, "ಇದಕ್ಕಾಗಿ ಜನ ಅಷ್ಟೊಂದು ದುಡ್ಡು ಸುರಿಯುತ್ತಾರೆಯೇ? ನನ್ನ ಮೊಬೈಲಿನ ಆ್ಯಪ್ ಇದಕ್ಕಿಂತ ಚೆನ್ನಾಗಿದೆ" ಎಂದರು.

ಇಬ್ಬರ ಕಿವಿಯೂ ಚೆನ್ನಾಗಿದೆ. ಆದರೆ ಇಬ್ಬರೂ ಮಾಡಿದ್ದು ಹೋಲಿಕೆಯಲ್ಲ. ಮೊದಲನೆಯವನ ಪಾಲಿಗೆ ಒಂದು ಕಡೆ 12 ಇಂಚಿನ ಸ್ಪೀಕರ್ ಇಡೀ ಕೋಣೆಯ ಗಾಳಿಯನ್ನು ಅಲುಗಿಸುತ್ತಿತ್ತು, ಇನ್ನೊಂದು ಕಡೆ ಅಂಗೈಯಲ್ಲಿ ಅಡಗುವ ಹೆಡ್‌ಫೋನ್ ಮಾತ್ರ ಇತ್ತು. ಎರಡನೆಯವರು ವಾಲ್ವ್‌ಗಳನ್ನು ದುಡಿಸಲೇ ಇಲ್ಲ. ದುಡಿಯದ ವಾಲ್ವಿನಿಂದ ಅದರ ವಿಶೇಷವನ್ನು ಕೇಳಲು ಬರುವುದಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಳೆಯುವಾಗ ಯಾವುದು ಬಲಶಾಲಿ ಎಂದು ಹೇಳುವುದು ಹೇಗೆ? ಇಂಥ ತೀರ್ಮಾನದ ಮೇಲೆ ಒಬ್ಬರು ಒಳ್ಳೆಯ ಹಳೆಯ ಆಂಪನ್ನು ಗುಜರಿ ಬೆಲೆಗೆ ಮಾರುತ್ತಾರೆ, ಇನ್ನೊಬ್ಬರು ಸಾಲ ಮಾಡಿ ಕೊಳ್ಳುತ್ತಾರೆ. ಎರಡನ್ನೂ ನಾನು ಕಂಡಿದ್ದೇನೆ, ಎರಡಕ್ಕೂ ಮರುಗಿದ್ದೇನೆ. ಆದ್ದರಿಂದ ನಾನು ಕಲಿತ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಎರಡು ಬೆಳಗು ಬಿಡುವಿದ್ದರೆ ಯಾರು ಬೇಕಾದರೂ ಮಾಡಬಹುದು.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ

"ಯಾವುದು ಚೆನ್ನಾಗಿದೆ" ಎಂಬ ಒಂದೇ ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಹೆಣೆದುಕೊಂಡಿವೆ. ರೆಕಾರ್ಡಿಂಗ್ ಕೇಳುವವನಿಗೆ ವ್ಯತ್ಯಾಸ ಗೊತ್ತಾಗುತ್ತದೆಯೇ ಎಂಬುದು ಒಂದು. ಒಂದೇ ಕೋಣೆಯಲ್ಲಿ ಕುಳಿತು ಕೇಳಿದರೆ ಗೊತ್ತಾಗುತ್ತದೆಯೇ ಎಂಬುದು ಎರಡು. ನುಡಿಸುವವನ ಬೆರಳಿಗೆ ಗೊತ್ತಾಗುತ್ತದೆಯೇ ಎಂಬುದು ಮೂರು. ಈ ಮೂರಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು, ಬರುವ ಉತ್ತರಗಳೂ ಬೇರೆಯಾಗಿರಬಹುದು. ನಿಮ್ಮ ಕೆಲಸಕ್ಕೆ ಯಾವ ಪ್ರಶ್ನೆ ಮುಖ್ಯ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಆಂಪಿನ ಮೇಲೆ ಅಂಟಿಸಿಕೊಳ್ಳಿ. ನಾನು ನಿಜವಾಗಿಯೂ ಅಂಟಿಸಿದ್ದೆ. ನಡುವೆ ದಾರಿ ತಪ್ಪಿದಾಗಲೆಲ್ಲ ಅದು ನನ್ನನ್ನು ಮರಳಿ ದಾರಿಗೆ ತಂದಿತು.

ಆಂಪಿಗೆ ಕರೆಂಟ್ ಕೊಡುವ ಮುನ್ನ

ನನ್ನಲ್ಲಿರುವುದು 1970ರ ದಶಕದ ಫೆಂಡರ್ ಡಿಲಕ್ಸ್ ರಿವರ್ಬ್. 1963ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ; ಸುಮಾರು 22 ವ್ಯಾಟ್, 12 ಇಂಚಿನ ಒಂದು ಸ್ಪೀಕರ್, ಕೊನೆಯ ಹಂತದಲ್ಲಿ ಎರಡು 6ವಿ6 ವಾಲ್ವ್‌ಗಳು. ತೋರಣಗಲ್ಲಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯರೊಬ್ಬರು ಅಮೆರಿಕದಿಂದ ತಂದಿದ್ದನ್ನು ಊರು ಬಿಡುವಾಗ ನನಗೆ ಕೊಟ್ಟರು. ನಿಮ್ಮ ಆಂಪ್ ಯಾವುದೇ ಇರಲಿ, ಈ ಭಾಗವನ್ನು ಮಾತ್ರ ದಾಟಿಸಿ ಓದಬೇಡಿ. ಇದು ನಾದದ ಮಾತಲ್ಲ, ಜೀವದ ಮಾತು.

ವಾಲ್ವ್ ಆಂಪಿನೊಳಗೆ 400 ವೋಲ್ಟಿನ ಆಸುಪಾಸಿನ ಡಿಸಿ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು (ವಿದ್ಯುತ್ತನ್ನು ಕೂಡಿಟ್ಟು ಸಮ ಮಾಡುವ ಬಿಡಿಭಾಗಗಳು) ಅದನ್ನು ಹಿಡಿದಿಟ್ಟುಕೊಂಡಿರಬಹುದು. ಮನೆಯ ಸ್ವಿಚ್ ಬೋರ್ಡ್ ಬಿಚ್ಚಿ ಅಭ್ಯಾಸವಿದೆ ಎಂಬ ಧೈರ್ಯದಲ್ಲಿ ಇದರ ಒಳಗೆ ಕೈ ಹಾಕಬಾರದು. ವಾಲ್ವ್ ರೇಡಿಯೊ ಕಾಲದಿಂದ ಕೆಲಸ ಮಾಡುತ್ತಿರುವ ರಿಪೇರಿಯವರು ನಮ್ಮ ಊರುಗಳಲ್ಲಿ ಇನ್ನೂ ಅಲ್ಲಲ್ಲಿ ಇದ್ದಾರೆ. ಗಿಟಾರ್ ಆಂಪನ್ನು ಅವರು ಕಂಡಿರಲಿಕ್ಕಿಲ್ಲ, ಆದರೆ ಒಳಗಿನ ವಿದ್ಯೆ ಒಂದೇ. ಬೆಂಗಳೂರಿನ ಬಿಇಎಲ್‌ನಲ್ಲಿ ರೇಡಿಯೊ ವಾಲ್ವ್‌ಗಳು ತಯಾರಾಗುತ್ತಿದ್ದ ದಿನಗಳನ್ನು ಕಂಡವರು ಅವರು. ವೋಕ್ಸ್ ಎಸಿ30 ಆಂಪಿನಲ್ಲಿರುವ ಇಎಲ್84 ವಾಲ್ವ್ ಎಷ್ಟೋ ಹಳೆಯ ರೇಡಿಯೊಗಳಲ್ಲೂ ಇತ್ತು. ಅಂಥವರ ಬಳಿ ಆಂಪನ್ನು ಒಯ್ದು ಮೂರು ವಿಷಯ ನೋಡಿಸಿ: ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗಿವೆಯೇ, ಪವರ್ ವಾಲ್ವ್‌ಗಳ ಬಯಾಸ್ (ಸುಮ್ಮನಿರುವಾಗ ಅವುಗಳಲ್ಲಿ ಹರಿಯುವ ವಿದ್ಯುತ್ತಿನ ಹೊಂದಾಣಿಕೆ) ಸರಿಯಿದೆಯೇ, ಮೂರು ಪಿನ್ನಿನ ವೈರು ಇದ್ದು ಅದರ ಅರ್ಥ್ ಲೋಹದ ಚಾಸಿಗೆ (ಒಳಚೌಕಟ್ಟಿಗೆ) ತಾಗಿದೆಯೇ. ಹತ್ತು ಹದಿನೈದು ವರ್ಷ ಮೂಲೆಯಲ್ಲಿ ಬಿದ್ದಿದ್ದ ಆಂಪನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಲೇಬೇಡಿ.

ಅಮೆರಿಕದ ಆಂಪಾದರೆ ಅದು ಸುಮಾರು 120 ವೋಲ್ಟಿಗೆ ಮಾಡಿದ್ದು. ನಮ್ಮ ಗೋಡೆಯಲ್ಲಿರುವುದು 230. ಒಂದು ಕ್ಷಣದ ಮರೆವಿಗೆ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವಾಗ ಆಂಪ್ ಎಳೆಯುವ ವ್ಯಾಟಿಗಿಂತ ಎರಡು ಪಟ್ಟಾದರೂ ಸಾಮರ್ಥ್ಯವಿರುವುದನ್ನು ಆರಿಸಿ. ಡಿಲಕ್ಸ್ ರಿವರ್ಬಿಗೆ ನಾನು 300 ವಿಎ ಸಾಮರ್ಥ್ಯದ್ದನ್ನು ಇಟ್ಟುಕೊಂಡಿದ್ದೇನೆ. ಅಂಗಡಿಯಲ್ಲೇ ಅದರ ಔಟ್‌ಪುಟ್ ಸಾಕೆಟ್ಟನ್ನು ತಿರುಗಿಸಿ ನೋಡಿ. ಎರಡೇ ತೂತಿದ್ದರೆ ನಿಮ್ಮ ಅರ್ಥ್ ಅಲ್ಲಿಗೇ ಮುಗಿಯಿತು. ಮೂರನೆಯ ತೂತಿದ್ದರೂ ಅದು ಗೋಡೆಯ ಅರ್ಥಿಗೆ ಕೂಡಿದೆಯೇ ಎಂದು ಮಲ್ಟಿಮೀಟರಿನಲ್ಲಿ ಪರೀಕ್ಷಿಸಿ. ಗಿಟಾರಿನ ತಂತಿ ಲೋಹ, ಹಾಡುವ ಮೈಕೂ ಲೋಹ. ಒಂದನ್ನು ಬೆರಳು, ಇನ್ನೊಂದನ್ನು ತುಟಿ ಮುಟ್ಟಿದಾಗ ನಡುವೆ ಇರುವುದು ನೀವು.

ಇನ್ನೊಂದು ಸೂಕ್ಷ್ಮವಿದೆ. ಅಲ್ಲಿಯ ವಿದ್ಯುತ್ ಸೆಕೆಂಡಿಗೆ 60 ಆವರ್ತನದ್ದು, ಇಲ್ಲಿಯದು 50. ವೋಲ್ಟೇಜ್ ಇಳಿಸಿದರೂ ಆವರ್ತನ ಬದಲಾಗುವುದಿಲ್ಲ. 60ಕ್ಕೆಂದೇ ಮಾಡಿದ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಬಿಸಿಯಾಗುತ್ತದೆ. ಆದ್ದರಿಂದ 110 ವೋಲ್ಟ್ ಕೊಡುವ ಸ್ಟೆಪ್‌ಡೌನ್ ನಮ್ಮಲ್ಲಿ ಹೆಚ್ಚು ಸುರಕ್ಷಿತ. ಏಪ್ರಿಲ್, ಮೇ ತಿಂಗಳಲ್ಲಿ ಅರ್ಧ ಗಂಟೆಗೊಮ್ಮೆ ಆಂಪಿನ ಹಿಂಬದಿ ಮುಟ್ಟಿ ನೋಡುವ ಅಭ್ಯಾಸವೂ ಒಳ್ಳೆಯದು. ಆಂಪಿನ ಹಮ್ ಕೂಡ ಊರಿಗೆ ತಕ್ಕಂತೆ ಶ್ರುತಿ ಬದಲಿಸುತ್ತದೆ. ಇಲ್ಲಿ 50 ಮತ್ತು 100ರ ಗುಂಯ್‌ಕಾರ ಗಿಟಾರಿನ ಜಿ ಸ್ವರಕ್ಕೆ ತೀರಾ ಹತ್ತಿರ. ಜಿಯಲ್ಲಿ ನುಡಿಸುವಾಗ ಹಿತವಾದ ಆಧಾರಶ್ರುತಿಯಂತಿರುವ ಅದೇ ಹಮ್, ಇನ್ನೊಂದು ಸ್ವರಕ್ಕೆ ಸರಿದ ಕೂಡಲೇ ಕಾಡತೊಡಗುತ್ತದೆ.

ಪರೀಕ್ಷೆಯ ದಿನ ವೋಲ್ಟೇಜ್ ಅಳೆದು ಬರೆದಿಡಿ. ರಾಯಚೂರಿನ ಶಕ್ತಿನಗರದಲ್ಲಿ 1720 ಮೆಗಾವ್ಯಾಟಿನ ಸ್ಥಾವರವಿದೆ, ನಮ್ಮ ಕುಡತಿನಿಯಲ್ಲೂ ಒಂದಿದೆ. ಆದರೂ ಸಂಜೆ ಮನೆಮನೆಯ ಕೂಲರ್‌ಗಳು ಒಟ್ಟಿಗೆ ಓಡತೊಡಗಿದಾಗ ಬೀದಿಯ ವೋಲ್ಟೇಜ್ ಜಗ್ಗುತ್ತದೆ. ವಾಲ್ವ್ ಆಂಪಿಗೆ ಇದು ತಕ್ಷಣ ತಿಳಿಯುತ್ತದೆ: ವೋಲ್ಟೇಜ್ ಇಳಿದಾಗ ದನಿ ಬೇಗ ಒಡೆಯುತ್ತದೆ (ಸ್ವಚ್ಛತೆ ಹೋಗಿ ಒರಟಾಗುತ್ತದೆ), ಮೆತ್ತಗಾಗುತ್ತದೆ. ಲ್ಯಾಪ್‌ಟಾಪಿನ ಮಾಡೆಲ್‌ಗೆ ಇದಾವುದೂ ಗೊತ್ತಾಗುವುದಿಲ್ಲ. ಸಂಜೆಯ ಜಗ್ಗಿದ ವೋಲ್ಟೇಜಿನಲ್ಲಿ ಆಂಪ್ ಕೇಳಿ ಮಾಡೆಲ್‌ಗೆ ಹೋಲಿಸಿದವರು ಅರ್ಧದಷ್ಟು ಬೀದಿಯ ವಿದ್ಯುತ್ತನ್ನೇ ಹೋಲಿಸಿರುತ್ತಾರೆ. ಇನ್ವರ್ಟರಿನ ಮೇಲೆ ಹಳೆಯ ಆಂಪನ್ನು ಓಡಿಸಬೇಡಿ.

ಕೊನೆಯದಾಗಿ, ಸ್ಪೀಕರ್ ಕಳಚಿ ಆಂಪನ್ನು ಚಾಲೂ ಮಾಡಬೇಡಿ. ಟ್ರಾನ್ಸಿಸ್ಟರ್ ಆಂಪಿಗೆ ಅದರಿಂದ ಏನೂ ಆಗದಿರಬಹುದು. ವಾಲ್ವ್ ಆಂಪಿನಲ್ಲಿ ಮಾತ್ರ ಹೊರೆಯಿಲ್ಲದೆ ಸಿಗ್ನಲ್ ಹರಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ವಿಪರೀತ ಏರಿ ಅದನ್ನೇ ಬಲಿ ತೆಗೆದುಕೊಳ್ಳಬಹುದು.

ಕೋಣೆ, ಕೌದಿ, ಮೈಕ್

22 ವ್ಯಾಟ್ ಕೇಳಲು ಸಣ್ಣದು. ಆದರೆ ಒಳ್ಳೆಯ ಗಿಟಾರ್ ಸ್ಪೀಕರಿಗೆ ಅಷ್ಟು ಸಿಕ್ಕರೆ ಒಂದು ಮೀಟರ್ ದೂರದಲ್ಲಿ 105 ಡೆಸಿಬೆಲ್ ಸುಲಭವಾಗಿ ದಾಟುತ್ತದೆ. ವಸತಿ ಪ್ರದೇಶಕ್ಕೆ ಕಾನೂನು ಹೇಳುವ ಮಿತಿ ಹಗಲು 55, ರಾತ್ರಿ 45. ಹಾಗಾಗಿ ಹಗಲಿನಲ್ಲೇ, ಒಳಕೋಣೆಯಲ್ಲಿ, ನೆರೆಯವರಿಗೆ ಒಂದು ಮಾತು ತಿಳಿಸಿ ಕೆಲಸ ಶುರುಮಾಡಿ.

ನಮ್ಮ ಮನೆಗಳ ಸಿಮೆಂಟ್ ಗೋಡೆ, ಕಲ್ಲುಹಾಸಿನ ನೆಲ ಸದ್ದನ್ನು ಚೆಂಡಿನಂತೆ ಪುಟಿಸುತ್ತವೆ. ಇದಕ್ಕೆ ಬಳ್ಳಾರಿಯಲ್ಲಿ ಸಿಗುವ ಮದ್ದು ಬೇರೆಡೆ ಇಷ್ಟು ಅಗ್ಗವಾಗಿ ಸಿಗಲಿಕ್ಕಿಲ್ಲ: ಜೀನ್ಸ್ ಹೊಲಿಯುವ ಘಟಕಗಳಲ್ಲಿ ಉಳಿಯುವ ತುಂಡುಬಟ್ಟೆ. ನಾನು ಎರಡು ಚೀಲ ತಂದು, ಹಳೆಯ ಸೀರೆಗಳ ನಡುವೆ ತುಂಬಿಸಿ ದಪ್ಪನೆಯ ಕೌದಿಗಳನ್ನು ಹೊಲಿಸಿದೆ. ಆಂಪಿನ ಹಿಂದೊಂದು, ಎದುರಿನ ಗೋಡೆಗೊಂದು, ನೆಲಕ್ಕೊಂದು. ಕೋಣೆಯಲ್ಲಿ ಚಪ್ಪಾಳೆ ತಟ್ಟಿ ನೋಡಿ. ಬಾಲದಂತೆ ಹಿಂಬಾಲಿಸುತ್ತಿದ್ದ ಚಿರ್‌ ಎಂಬ ಸದ್ದು ನಿಂತರೆ ಸಾಕು.

ಅದೇ ಜೀನ್ಸ್ ಘಟಕಗಳಿಂದ ಒಂದು ತೊಡಕೂ ಇದೆ. ಹೊಲಿಗೆ ಯಂತ್ರಗಳ ಮೋಟಾರುಗಳು ಒಂದೇ ಲೈನಿನಲ್ಲಿ ಓಡುತ್ತಿದ್ದರೆ ಸಿಂಗಲ್ ಕಾಯಿಲ್ ಪಿಕಪ್ಪಿನ (ತಂತಿಯ ಕಂಪನವನ್ನು ಹಿಡಿಯುವ ಒಂಟಿ ಸುರುಳಿಯ) ಗಿಟಾರ್ ಆ ಗಲಾಟೆಯನ್ನೆಲ್ಲ ಹೀರಿಕೊಳ್ಳುತ್ತದೆ. ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರೂ ಅಷ್ಟೇ. ನಾನು ಬೆಳಗಿನ ಆರೂವರೆಗೆ ಶುರುಮಾಡಿ ಎಂಟೂವರೆಗೆ ಮುಗಿಸುತ್ತೇನೆ. ಆ ಹೊತ್ತಿನಲ್ಲಿ ಮೋಟಾರುಗಳೂ ಮೌನ, ಫ್ಯಾನ್ ಇಲ್ಲದೆಯೂ ಕೂರಬಹುದು.

ಆಂಪ್ ಹಾಕಿ ಇಪ್ಪತ್ತು ನಿಮಿಷ ಬಿಡಿ. ಆಮೇಲೆ ಸ್ಪೀಕರಿನ ಮುಂದೆ ಮೈಕ್ ನಿಲ್ಲಿಸಿ. ಶೂರ್ ಎಸ್‌ಎಂ57 ಇದಕ್ಕೆ ಲೋಕವೆಲ್ಲ ಒಪ್ಪಿದ ಮೈಕ್. 1965ರಿಂದ ಇದೆ, ನಮ್ಮ ಸೌಂಡ್ ಸರ್ವಿಸ್‌ನವರ ಪೆಟ್ಟಿಗೆಯಲ್ಲೂ ಇರುತ್ತದೆ, ಒಂದು ದಿನಕ್ಕೆ ಕೇಳಿ ತರಬಹುದು. ಸ್ಪೀಕರ್ ಬಟ್ಟೆಗೆ ಎರಡು ಬೆರಳು ದೂರದಲ್ಲಿ, ನಡುಗುಳ್ಳೆಯ ಅಂಚಿಗೆ ಗುರಿಯಿಟ್ಟು ನಿಲ್ಲಿಸಿ, ನೆಲದ ಮೇಲೆ ಸುಣ್ಣದಕಡ್ಡಿಯಿಂದ ಸ್ಟ್ಯಾಂಡಿನ ಪಾದಗಳನ್ನು ಗುರುತು ಮಾಡಿ. ಮೈಕ್ ಎರಡು ಸೆಂಟಿಮೀಟರ್ ಸರಿದರೆ ಆಗುವ ವ್ಯತ್ಯಾಸ, ಒಳ್ಳೆಯ ಮಾಡೆಲ್ ಮತ್ತು ಆಂಪಿನ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಇದನ್ನು ಬಾಯಿಮಾತಿನಲ್ಲಿ ನಂಬಬೇಡಿ, ಸರಿಸಿ ಕೇಳಿ. ಆ ಒಂದು ಪ್ರಯೋಗ ನನ್ನ ಎಷ್ಟೋ ವರ್ಷಗಳ ಅಭಿಪ್ರಾಯಗಳನ್ನು ಸಡಿಲಗೊಳಿಸಿತು.

ಒಂದೇ ಕೈ, ಒಂದೇ ಮೀಟು

ಎರಡು ಬಾರಿ ನುಡಿಸಿದರೆ ಎರಡು ಬೇರೆ ವಾದನವಾಗುತ್ತದೆ. ಆದ್ದರಿಂದ ಒಮ್ಮೆ ನುಡಿಸಿದ್ದನ್ನೇ ಎರಡೂ ಕಡೆ ಹರಿಸಬೇಕು. ಇದಕ್ಕೆ ಬೇಕಾದದ್ದು ಡಿಐ ಬಾಕ್ಸ್, ಗಿಟಾರಿನ ಸಿಗ್ನಲ್ಲನ್ನು ಎರಡು ದಾರಿಗೆ ಹಂಚುವ ಪುಟ್ಟ ಪೆಟ್ಟಿಗೆ. ಗಿಟಾರಿನ ಕೇಬಲ್ ಅದಕ್ಕೆ ಹೋಗಲಿ. ಅದರ 'ಥ್ರೂ' ತೂತಿನಿಂದ ಆಂಪಿಗೆ, ಇನ್ನೊಂದು ಔಟ್‌ಪುಟ್‌ನಿಂದ ಆಡಿಯೊ ಇಂಟರ್‌ಫೇಸಿಗೆ (ಕಂಪ್ಯೂಟರಿಗೆ ದನಿಯನ್ನು ಒಳಗೂ ಹೊರಗೂ ಸಾಗಿಸುವ ಉಪಕರಣ). ಒಂದೇ ವಾದನದಿಂದ ಎರಡು ಟ್ರ್ಯಾಕ್ ಸಿಗುತ್ತವೆ: ಮೈಕಿನಲ್ಲಿ ಹಿಡಿದ ಆಂಪಿನ ದನಿ, ಮತ್ತು ಗಿಟಾರಿನ ಹಸಿ ದನಿ. ಆ ಹಸಿ ದನಿಯನ್ನು ಕಂಪ್ಯೂಟರಿನಲ್ಲಿ ಮಾಡೆಲ್ ಮೂಲಕ ಹಾಯಿಸಿದರೆ ಜೋಡಿ ಸಿದ್ಧ.

ಏನು ನುಡಿಸಬೇಕು? ವೇಗದ ಕಸರತ್ತು ಬೇಡ. ಹಗುರವಾಗಿ ಮೀಟಿದ ಸ್ವರಗಳು, ಅದನ್ನೇ ಗಟ್ಟಿಯಾಗಿ. ಪೂರ್ತಿ ಕಾರ್ಡ್ ಹೊಡೆದು ಕೊನೆಯ ಉಸಿರಿನವರೆಗೆ ಬಿಡುವುದು. ಎರಡು ತಂತಿಗಳನ್ನು ಒಟ್ಟಿಗೆ ಮೀಟಿ ಒಂದನ್ನು ಎಳೆಯುವುದು. ಗಿಟಾರಿನ ವಾಲ್ಯೂಮನ್ನು 10ರಿಂದ 3ಕ್ಕೆ ನಿಧಾನವಾಗಿ ಇಳಿಸುವುದು. ಒಟ್ಟು ಮೂರು ನಿಮಿಷ ಸಾಕು.

ಯಾವ ಮಾಡೆಲ್ ಎದುರು ನಿಲ್ಲಿಸಬೇಕು

ಡಿಜಿಟಲ್ ಮಾಡೆಲ್ ಎಂದರೆ ಒಂದೇ ಜಾತಿಯಲ್ಲ. ಒಂದು ಬಗೆ, ಸರ್ಕ್ಯೂಟನ್ನೇ ಗಣಿತವಾಗಿ ಬರೆಯುವುದು: ವಾಲ್ವ್, ಕೆಪಾಸಿಟರ್, ಟೋನ್ ನಾಬ್ ಎಲ್ಲವೂ ಸಮೀಕರಣಗಳಾಗಿ ಓಡುತ್ತವೆ. 1998ರಲ್ಲಿ ಲೈನ್ 6 ಕಂಪನಿಯ ಪಾಡ್ ಎಂಬ ಪುಟ್ಟ ಪೆಟ್ಟಿಗೆ ಮಾಡೆಲಿಂಗನ್ನು ಸಾಮಾನ್ಯ ವಾದಕರ ಮೇಜಿಗೆ ತಂದಿತು. ಇಂಥ ಮಾಡೆಲ್‌ಗಳಲ್ಲಿ ನಾಬ್ ತಿರುಗಿಸಿದರೆ ಆಂಪಿನಂತೆಯೇ ದನಿಯೂ ತಿರುಗಬೇಕು, ಅದೇ ಅವುಗಳ ಗುರಿ. ಇನ್ನೊಂದು ಬಗೆ, ಆಂಪಿನ ಅಚ್ಚು ತೆಗೆಯುವುದು. ಗೊತ್ತಿರುವ ಸಿಗ್ನಲ್ಲನ್ನು ಆಂಪಿಗೆ ಕೊಟ್ಟು, ಹೊರಬಂದದ್ದನ್ನು ಹಿಡಿದು, ಎರಡರ ನಡುವಿನ ಸಂಬಂಧವನ್ನು ಯಂತ್ರ ಕಲಿಯುತ್ತದೆ. ಜರ್ಮನಿಯ ಕೆಂಪರ್ ಪ್ರೊಫೈಲರ್ ತನ್ನದೇ ವಿಧಾನದಲ್ಲಿ ಈ ದಾರಿ ಹಿಡಿಯಿತು. ನ್ಯೂರಲ್ ಆಂಪ್ ಮಾಡೆಲರ್ ಎಂಬ ಉಚಿತ, ಮುಕ್ತ ತಂತ್ರಾಂಶ ಇದನ್ನು ನ್ಯೂರಲ್ ನೆಟ್‌ವರ್ಕ್ ಮೂಲಕ ಮಾಡುತ್ತದೆ. ಅಚ್ಚು ನಾಬ್‌ಗಳ ಒಂದು ಸ್ಥಾನಕ್ಕೆ ಮಾತ್ರ ಸೇರಿದ್ದು.

ಇಲ್ಲಿ ನನ್ನ ಗಟ್ಟಿಯಾದ ಸಲಹೆಯೆಂದರೆ, ಇಂಟರ್ನೆಟ್ಟಿನಿಂದ ಇಳಿಸಿಕೊಂಡ 'ಅದೇ ಆಂಪಿನ' ಮಾಡೆಲ್ ಬಳಸಬೇಡಿ. ಹಳೆಯ ಆಂಪ್‌ಗಳ ಬಿಡಿಭಾಗಗಳು ಮೊದಲೇ ಹತ್ತಿಪ್ಪತ್ತು ಶೇಕಡಾ ಹೆಚ್ಚುಕಡಿಮೆಯಿದ್ದವು, ಐವತ್ತು ವರ್ಷಗಳಲ್ಲಿ ಇನ್ನಷ್ಟು ಸರಿದಿರುತ್ತವೆ. ಒಂದೇ ವರ್ಷದ ಎರಡು ಆಂಪ್‌ಗಳೇ ಅಣ್ಣತಮ್ಮಂದಿರಂತೆ ಬೇರೆಯಾಗಿರುವಾಗ ಇನ್ನೊಬ್ಬರ ಆಂಪಿನ ಮಾಡೆಲ್‌ ನಿಮ್ಮದರಂತಿಲ್ಲ ಎಂದು ದೂರುವುದು ನ್ಯಾಯವಲ್ಲ. ನಿಮ್ಮ ಆಂಪಿನ ಅಚ್ಚನ್ನೇ, ಅದೇ ಮೈಕ್ ಅದೇ ಜಾಗದಲ್ಲಿರುವಾಗಲೇ ತೆಗೆಯಿರಿ. ತಂತ್ರಾಂಶ ಕೊಡುವ ಸುಮಾರು ಮೂರು ನಿಮಿಷದ ಪರೀಕ್ಷಾ ಸಿಗ್ನಲ್ಲನ್ನು ಇಂಟರ್‌ಫೇಸಿನಿಂದ ಹೊರಗೆ ಕಳಿಸಿ, ರೀಆಂಪ್ ಬಾಕ್ಸಿನ ಮೂಲಕ ಆಂಪಿಗೆ ಕೊಟ್ಟು, ಮೈಕಿನಲ್ಲಿ ರೆಕಾರ್ಡ್ ಮಾಡಬೇಕು. ಇಂಟರ್‌ಫೇಸಿನ ಔಟ್‌ಪುಟ್ ಗಿಟಾರಿನ ಪಿಕಪ್ಪಿಗಿಂತ ಬಲವಾದದ್ದು, ಸ್ವಭಾವವೂ ಬೇರೆ. ಅದನ್ನು ಪಿಕಪ್ಪಿನಂತೆ ಕಾಣಿಸುವುದೇ ರೀಆಂಪ್ ಬಾಕ್ಸಿನ ಕೆಲಸ. ರಿವರ್ಬ್ (ಮಾರ್ದನಿ) ಮತ್ತು ವೈಬ್ರೇಟೊ (ದನಿಯ ಅಲುಗಾಟ) ಎರಡನ್ನೂ ಸೊನ್ನೆಗೆ ತನ್ನಿ, ಈ ಬಗೆಯ ಅಚ್ಚಿನಲ್ಲಿ ಅವು ಮೂಡುವುದಿಲ್ಲ. ವಾಲ್ಯೂಮನ್ನು ದನಿ ಒಡೆಯತೊಡಗುವ ಅಂಚಿನಲ್ಲಿಡಿ. ನನ್ನ ಆಂಪಿನಲ್ಲಿ ಅದು 5ರ ಹತ್ತಿರ. ಪೂರ್ತಿ ಸ್ವಚ್ಛ ದನಿಯಲ್ಲಾಗಲಿ ಪೂರ್ತಿ ಒಡೆದ ದನಿಯಲ್ಲಾಗಲಿ ಎಲ್ಲ ಮಾಡೆಲ್‌ಗಳೂ ಪಾಸಾಗುತ್ತವೆ. ಪರೀಕ್ಷೆ ಇರುವುದು ಅಂಚಿನಲ್ಲಿ.

ಹಸಿ ದನಿಯನ್ನು ಮಾಡೆಲ್‌ಗೆ ಕೊಡುವಾಗ ಅದರ ಮಟ್ಟವೂ ಸರಿಯಿರಬೇಕು. ಡಿಐ ಬಾಕ್ಸ್ ದನಿಯನ್ನು ತಗ್ಗಿಸುತ್ತದೆ, ಇಂಟರ್‌ಫೇಸ್ ಏರಿಸುತ್ತದೆ. ಕೊನೆಗೆ ಎಷ್ಟು ಉಳಿಯಿತೋ ಯಾರಿಗೆ ಗೊತ್ತು. ಸುಲಭದ ದಾರಿ ಇದು: ನೀವು ರೆಕಾರ್ಡ್ ಮಾಡಿದ ತುಣುಕಿನಲ್ಲಿ ಆಂಪಿನ ದನಿ ಯಾವ ಮೀಟಿಗೆ ಒಡೆಯಿತೋ, ಮಾಡೆಲ್ಲಿನ ದನಿಯೂ ಅದೇ ಮೀಟಿಗೆ ಒಡೆಯುವವರೆಗೆ ಅದರ ಇನ್‌ಪುಟ್ ಮಟ್ಟವನ್ನು ಹೊಂದಿಸಿ. ಇದಕ್ಕೆ ತಾಳ್ಮೆ ಬೇಕು. ನನಗೆ ಒಂದು ಗಂಟೆ ಹಿಡಿಯಿತು.

ತಕ್ಕಡಿ ಸಮ ಮಾಡುವುದು

ಎರಡು ದನಿಗಳಲ್ಲಿ ಒಂದು ಒಂದೇ ಒಂದು ಡೆಸಿಬೆಲ್ ಹೆಚ್ಚಿದ್ದರೂ ಕಿವಿ ಅದನ್ನು 'ಜೋರು' ಎಂದು ಗುರುತಿಸುವುದಿಲ್ಲ, 'ಚೆನ್ನಾಗಿದೆ', 'ತುಂಬಿದೆ', 'ಜೀವವಿದೆ' ಎನ್ನುತ್ತದೆ. ಜೊತೆಗೆ ಕಡಿಮೆ ಸದ್ದಿನಲ್ಲಿ ನಮ್ಮ ಕಿವಿಗೆ ಮಂದ್ರವೂ ತಾರವೂ ಸೊರಗಿ ಕೇಳಿಸುತ್ತವೆ. ನಾನು ನೋಡಿದ ಮನೆಹೋಲಿಕೆಗಳಲ್ಲಿ ಹೆಚ್ಚಿನವು ಕೆಟ್ಟದ್ದು ಇಲ್ಲೇ. ಅಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಲೌಡ್‌ನೆಸ್ ಸಮ ಮಾಡುವ ಸೌಲಭ್ಯವಿದೆ. ಎರಡೂ ತುಣುಕುಗಳನ್ನು ಅದರಲ್ಲಿ ಹಾಕಿ, ವ್ಯತ್ಯಾಸ 0.2 ಡೆಸಿಬೆಲ್ ಒಳಗೆ ಬರುವವರೆಗೆ ಬಿಡಬೇಡಿ. ಕಿವಿಯ ಅಂದಾಜು ಇಲ್ಲಿ ನಡೆಯುವುದಿಲ್ಲ.

ಇನ್ನು ಕಣ್ಣು ಮುಚ್ಚುವ ಕೆಲಸ. ಮನೆಯವರೊಬ್ಬರನ್ನು ಕೂರಿಸಿಕೊಂಡು ನಾಣ್ಯ ಚಿಮ್ಮಿಸಲು ಹೇಳಿ. ಚಿತ್ ಬಿದ್ದರೆ ಆಂಪ್, ಪಟ್ ಬಿದ್ದರೆ ಮಾಡೆಲ್. ಅವರು ಬರೆದುಕೊಳ್ಳಲಿ, ನಿಮಗೆ ತೋರಿಸದಿರಲಿ, ಮುಖ ಕೂಡ ಕಾಣದಿರಲಿ. 16 ಸಲ ಕೇಳಿ 16 ಸಲ ಹೇಳಿ. ಸುಮ್ಮನೆ ಊಹಿಸಿದರೂ ಎಂಟರ ಆಸುಪಾಸು ಸರಿಯಾಗುತ್ತವೆ. 12 ಅಥವಾ ಹೆಚ್ಚು ಸರಿಯಾದರೆ ಮಾತ್ರ ಕಿವಿಗೆ ನಿಜವಾಗಿ ಗೊತ್ತಾಗುತ್ತಿದೆ ಎನ್ನಬಹುದು. ಬರೀ ಅದೃಷ್ಟದಿಂದ ಅಷ್ಟು ಬರುವ ಸಾಧ್ಯತೆ ನೂರಕ್ಕೆ ನಾಲ್ಕು.

ನಾನು ಮೊದಲ ಸಲ 14 ಸರಿ ಹೇಳಿದೆ. ಹಿಗ್ಗಿನಿಂದ ಗೆಳೆಯರಿಗೆಲ್ಲ ಫೋನ್ ಮಾಡಿದೆ. ಎರಡು ದಿನ ಕಳೆದ ಮೇಲೆ ಒಂದು ಅನುಮಾನ ಬಂತು. ತುಣುಕಿನ ಮೊದಲ ಸ್ವರ ಬರುವುದಕ್ಕೆ ಮುಂಚಿನ ಅರ್ಧ ಸೆಕೆಂಡಿನಲ್ಲಿ ವಾಲ್ವ್ ಆಂಪಿನ ಸುಯ್‌ ಎಂಬ ಉಸಿರು, ಸಣ್ಣ ಹಮ್ ಕೇಳುತ್ತಿತ್ತು. ಮಾಡೆಲ್ಲಿನಲ್ಲಿ ಅದು ಇರಲಿಲ್ಲ. ನಾನು ನಾದವನ್ನಲ್ಲ, ಆ ಉಸಿರನ್ನು ಗುರುತಿಸುತ್ತಿದ್ದೆ. ತುಣುಕುಗಳನ್ನು ಸ್ವರದ ಮೇಲೇ ಕತ್ತರಿಸಿ, ಆಂಪಿನ ಖಾಲಿ ಹಮ್ ರೆಕಾರ್ಡ್ ಮಾಡಿ ಮಾಡೆಲ್ಲಿನ ಟ್ರ್ಯಾಕಿಗೂ ಬೆರೆಸಿ ಮತ್ತೆ ಕುಳಿತೆ. 16ರಲ್ಲಿ 9. ಆ ದಿನ ನನಗೆ ಬೇಸರವಾಯಿತೆಂದು ಮುಚ್ಚಿಡುವುದಿಲ್ಲ. ಆದರೆ ರೆಕಾರ್ಡಿಂಗಿನ ಪ್ರಶ್ನೆಗೆ ನನ್ನ ಮಟ್ಟಿಗೆ ಉತ್ತರ ಸಿಕ್ಕಿತು: ಒಳ್ಳೆಯ ಅಚ್ಚು, ಸಮ ಮಾಡಿದ ಸದ್ದು, ಮುಚ್ಚಿದ ಕಣ್ಣು ಇದ್ದರೆ ನನಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಅದೇ ಸ್ಪೀಕರ್, ಅದೇ ಕೋಣೆ

ಎರಡನೆಯ ಪ್ರಶ್ನೆಗೆ ಮಾಡೆಲ್ ಕೂಡ ಗಿಟಾರ್ ಸ್ಪೀಕರಿನಿಂದಲೇ ಬರಬೇಕು. 12 ಇಂಚಿನ ಗಿಟಾರ್ ಸ್ಪೀಕರ್ 5 ಕಿಲೊಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಕುಸಿಯುತ್ತದೆ. ಒಡೆದ ದನಿಯ ಮುಳ್ಳುಗಳನ್ನು ಅದೇ ಸವರುತ್ತದೆ. ಅದಕ್ಕೇ ಸ್ಪೀಕರ್ ಭಾಗವಿಲ್ಲದ ಮಾಡೆಲ್ಲನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೇನುನೊಣದಂತಿರುತ್ತದೆ. ಈ ಪರೀಕ್ಷೆಗೆ ಸ್ಪೀಕರ್ ಮತ್ತು ಮೈಕ್ ಸೇರದ ಮಾಡೆಲ್ ಬೇಕು. ಅದನ್ನು ಸ್ವಚ್ಛವಾದ ಟ್ರಾನ್ಸಿಸ್ಟರ್ ಪವರ್ ಆಂಪಿಗೆ ಕೊಟ್ಟು, ಅಲ್ಲಿಂದ ಗಿಟಾರ್ ಸ್ಪೀಕರಿಗೆ. ಸ್ಪೀಕರಿನ ಕೇಬಲ್ ಬದಲಿಸುವ ಮುನ್ನ ವಾಲ್ವ್ ಆಂಪನ್ನು ಪೂರ್ತಿ ಆಫ್ ಮಾಡಿ. ಮೇಲೆ ಹೇಳಿದ್ದನ್ನು ನೆನಪಿಡಿ.

ಇಲ್ಲಿ ನನಗೆ ವ್ಯತ್ಯಾಸ ಕೇಳಿಸಿತು, ಕಾರಣವೂ ಆಮೇಲೆ ತಿಳಿಯಿತು. ಸ್ಪೀಕರಿನ ತಡೆ 8 ಓಮ್ ಎಂದು ಬರೆದಿದ್ದರೂ ಅದು ಎಲ್ಲ ಸ್ವರಗಳಿಗೂ 8 ಅಲ್ಲ. ಕೆಳಗೆ 80–100 ಹರ್ಟ್ಸ್ ಹತ್ತಿರ ಒಂದು ಗುಡ್ಡದಂತೆ ಏಳುತ್ತದೆ, ಮೇಲಿನ ಸ್ವರಗಳ ಕಡೆಗೂ ಏರುತ್ತಾ ಹೋಗುತ್ತದೆ. ವಾಲ್ವ್ ಆಂಪ್ ಆ ಏರಿಳಿತದೊಂದಿಗೆ ಬಾಗುತ್ತದೆ, ಹಾಗಾಗಿ ಮಂದ್ರವೂ ತಾರವೂ ತುಸು ಉಬ್ಬುತ್ತವೆ. ಟ್ರಾನ್ಸಿಸ್ಟರ್ ಆಂಪ್ ಬಾಗುವುದಿಲ್ಲ. ಅದೇ ಮಾಡೆಲ್ ಚಪ್ಪಟೆಯಾಗಿ ಕೇಳಿಸುವುದು ಇದರಿಂದ. ತಪ್ಪು ಮಾಡೆಲ್ಲಿನದ್ದಲ್ಲ, ನಡುವಿನ ಪವರ್ ಆಂಪಿನದ್ದು. ಈಕ್ವಲೈಜರಿನಲ್ಲಿ ಕೆಳಗೂ ಮೇಲೂ ಎರಡು ಮೂರು ಡೆಸಿಬೆಲ್ ಎತ್ತಿದ ಮೇಲೆ ಅಂತರ ಬಹಳ ಕಿರಿದಾಯಿತು. ಕೇಳುವಾಗ ಒಂದೇ ಜಾಗದಲ್ಲಿ ಕೂರುವುದನ್ನು ಮರೆಯಬೇಡಿ. ಸ್ಪೀಕರ್ ತಾರಸ್ವರಗಳನ್ನು ಟಾರ್ಚಿನ ಬೆಳಕಿನಂತೆ ನೇರ ಮುಂದಕ್ಕೆ ಎಸೆಯುತ್ತದೆ, ಆದ್ದರಿಂದ ಎದ್ದು ನಿಂತರೂ ದನಿ ಬದಲಾಗುತ್ತದೆ.

ಬೆರಳಿನ ಸಾಕ್ಷಿ

ಮೂರನೆಯ ಪ್ರಶ್ನೆಯೇ ನನಗೆ ಹೆಚ್ಚು ಪ್ರಿಯವಾದದ್ದು. ಮೊದಲು ವಿಳಂಬ ನೋಡಿ. 48 ಕಿಲೊಹರ್ಟ್ಸ್‌ನಲ್ಲಿ 128 ಸ್ಯಾಂಪಲ್ಲಿನ ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟು ಸಾಗಿಸುವ ದನಿಯ ತುಣುಕು) ಎಂದರೆ 2.7 ಮಿಲಿಸೆಕೆಂಡ್, ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ, ಮೇಲೆ ಇಂಟರ್‌ಫೇಸಿನದ್ದೂ ಸೇರುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ನಡೆಯಲು ಸುಮಾರು 3 ಮಿಲಿಸೆಕೆಂಡ್ ಬೇಕು. ಆಂಪಿನಿಂದ ಎರಡು ಮೀಟರ್ ದೂರ ನಿಂತು ನುಡಿಸುವವರು 6 ಮಿಲಿಸೆಕೆಂಡ್ ವಿಳಂಬದೊಂದಿಗೇ ಬಾಳುತ್ತಿದ್ದಾರೆ. ಬಫರನ್ನು 64ಕ್ಕೊ 128ಕ್ಕೊ ಇಳಿಸಿದರೆ ವಿಳಂಬದ ದೂರು ಬಹುಪಾಲು ಮಾಯವಾಗುತ್ತದೆ.

ನಂತರ ಮೂರು ಪ್ರಯೋಗ. ಗಟ್ಟಿ ಡಿಸ್ಟಾರ್ಷನ್ ಇಟ್ಟು ಮೊದಲ ತಂತಿಯಲ್ಲಿ 15ನೆಯ ಫ್ರೆಟ್ಟಿನಿಂದ ಮೇಲಕ್ಕೆ ಎಳೆಯಿರಿ. ಸ್ವರ ಏರುವಾಗ ಹಿನ್ನೆಲೆಯಲ್ಲಿ ಇನ್ನೊಂದು ಕ್ಷೀಣ ಸ್ವರ ಇಳಿಯುತ್ತಾ ಹೋದರೆ ಅದು ಡಿಜಿಟಲ್ಲಿನ ದೋಷ: ಕಂಪ್ಯೂಟರ್ ಹಿಡಿಯಲಾಗದಷ್ಟು ಎತ್ತರದ ಹಾರ್ಮೋನಿಕ್‌ಗಳು (ಸ್ವರದೊಳಗಿನ ಮೇಲಿನ ಉಪಸ್ವರಗಳು) ಮಡಚಿಕೊಂಡು ಕೆಳಗೆ ಬಂದು ಬೀಳುತ್ತಿವೆ. ಒಳ್ಳೆಯ ಮಾಡೆಲ್‌ಗಳು ಇದನ್ನು ಬಹಳ ಮಟ್ಟಿಗೆ ಅಡಗಿಸುತ್ತವೆ.

ಎರಡನೆಯದು ಗಿಟಾರಿನ ವಾಲ್ಯೂಮ್. ಒಡೆದ ದನಿಯಲ್ಲಿ ನುಡಿಸುತ್ತಾ ಅದನ್ನು 3ಕ್ಕೆ ಇಳಿಸಿ. ವಾಲ್ವ್ ಆಂಪ್ ತೆರೆ ಸರಿಸಿದಂತೆ ಸ್ವಚ್ಛವಾಗುತ್ತದೆ. ನನ್ನ ಅಚ್ಚು ಇದನ್ನು ಚೆನ್ನಾಗಿಯೇ ಹಿಂಬಾಲಿಸಿತು. ಅಗ್ಗದ ಮೊಬೈಲ್ ಆ್ಯಪ್ ಒಂದರಲ್ಲಿ ದನಿ ಸಣ್ಣದಾಯಿತೇ ಹೊರತು ಸ್ವಚ್ಛವಾಗಲಿಲ್ಲ.

ಮೂರನೆಯದರಲ್ಲಿ ನಾನು ಹೆಚ್ಚು ಹೊತ್ತು ಕಳೆದೆ. ದೊಡ್ಡ ಇ ಕಾರ್ಡನ್ನು ಬಲವಾಗಿ ಹೊಡೆದು ಕೈ ಬಿಡಿ. ಹಳೆಯ ಆಂಪಿನಲ್ಲಿ ಡಿಸಿ ವಿದ್ಯುತ್ ಮಾಡಿಕೊಡುವುದೂ ಒಂದು ವಾಲ್ವೇ. ಕಾರ್ಡ್ ಒಮ್ಮೆಲೇ ವಿದ್ಯುತ್ ಬೇಡಿದಾಗ ಅದು ಕ್ಷಣಕಾಲ ಬಳಲುತ್ತದೆ, ಒಳಗಿನ ವೋಲ್ಟೇಜ್ ಕುಸಿಯುತ್ತದೆ. ಆದ್ದರಿಂದ ಪೆಟ್ಟಿನ ತುದಿ ಮೊಂಡಾಗಿ, ಆಮೇಲೆ ನಾದ ಉಬ್ಬಿ ಬರುತ್ತದೆ. ಪಂಪು ಒತ್ತಿದ ಮೇಲೆ ಕಾಲು ಹಾರ್ಮೋನಿಯಂ ಉಸಿರೆಳೆದುಕೊಂಡು ತುಂಬಿಕೊಳ್ಳುವುದನ್ನು ಕಂಪನಿ ನಾಟಕಗಳಲ್ಲಿ ಕೇಳಿದವರಿಗೆ ಈ ಉಬ್ಬು ಅಪರಿಚಿತವಲ್ಲ. ನ್ಯೂರಲ್ ಅಚ್ಚು ಸೆಕೆಂಡಿನ ಒಂದು ಸಣ್ಣ ಪಾಲನ್ನಷ್ಟೇ ನೆನಪಿನಲ್ಲಿಟ್ಟುಕೊಳ್ಳುತ್ತದೆ, ಅದಕ್ಕಿಂತ ನಿಧಾನವಾದ ಈ ಚೇತರಿಕೆ ಅದಕ್ಕೆ ಪೂರ್ತಿ ದಕ್ಕುವುದಿಲ್ಲ. ಕೇಳುವವರಿಗೆ ಇದು ಗೊತ್ತಾಗಲಿಕ್ಕಿಲ್ಲ. ನನ್ನ ಬಲಗೈಗೆ ಮಾತ್ರ ಗೊತ್ತಾಗುತ್ತದೆ, ಮುಂದಿನ ಪೆಟ್ಟನ್ನು ಯಾವಾಗ ಹೊಡೆಯಬೇಕೆಂದು ಆ ಉಬ್ಬು ಹೇಳಿಕೊಡುತ್ತದೆ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು? ಜಾತ್ರೆ, ಮದುವೆ, ವಾದ್ಯಗೋಷ್ಠಿಗಳಿಗೆ ಹೋಗುವವರಾದರೆ ಡಿಜಿಟಲ್ ಎಂದು ನಾನು ತಡವರಿಸದೆ ಹೇಳುತ್ತೇನೆ. ಜನರೇಟರಿನ ವಿದ್ಯುತ್ತು, ಧೂಳು, ಟೆಂಪೋದ ಕುಲುಕಾಟ, 19 ಕಿಲೊ ತೂಕ, ಅದರ ಮೇಲೆ ಸ್ಟೆಪ್‌ಡೌನ್: ಹಳೆಯ ಆಂಪಿಗೆ ಇದಾವುದೂ ಒಗ್ಗುವುದಿಲ್ಲ. ವೇದಿಕೆಯಲ್ಲಿ ಹೇಗೂ ಜನ ಕೇಳುವುದು ಮೈಕಿನ ದನಿಯನ್ನು, ಆ ಪ್ರಶ್ನೆಗೆ ಉತ್ತರ ಆಗಲೇ ಸಿಕ್ಕಿದೆ. ಮನೆಯಲ್ಲಿ ಕುಳಿತು ಕೈ ತಿದ್ದಿಕೊಳ್ಳುವವರ ಬಳಿ ಆರೋಗ್ಯವಾಗಿರುವ ವಾಲ್ವ್ ಆಂಪ್ ಆಗಲೇ ಇದ್ದರೆ ದಯವಿಟ್ಟು ಮಾರಬೇಡಿ. ಇಲ್ಲದಿದ್ದರೆ ಸಾಲ ಮಾಡಿ ತರುವುದೂ ಬೇಡ. ಹೊಸ ವಾಲ್ವ್‌ಗಳು ಇಂದು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ, ಚೀನಾಗಳಿಂದ ಬರಬೇಕು. ಒಂದು ಜೋಡಿ ಸೋತರೆ ವಾರಗಟ್ಟಲೆ ಕಾಯಬೇಕಾಗಬಹುದು.

ಪರೀಕ್ಷೆ ಮುಗಿದ ಮೇಲೆ ಫೈಲುಗಳನ್ನು ಅಳಿಸಬೇಡಿ. ಹಸಿ ದನಿ, ಆಂಪಿನ ದನಿ, ಅಚ್ಚು, ಆ ದಿನದ ವೋಲ್ಟೇಜ್, ನಾಬ್‌ಗಳ ಫೋಟೊ, ಮೈಕಿನ ಗುರುತು ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ದಿನಾಂಕ ಹಾಕಿ ಇಡಿ. ಕೆಪಾಸಿಟರ್ ಬದಲಿಸಿದಾಗ, ಹೊಸ 6ವಿ6 ಜೋಡಿ ಹಾಕಿದಾಗ ಅದೇ ಹಸಿ ದನಿಯನ್ನು ರೀಆಂಪ್ ಮೂಲಕ ಮತ್ತೆ ಆಂಪಿಗೆ ಹರಿಸಿ, ಹಳೆಯ ರೆಕಾರ್ಡಿಂಗಿನ ಪಕ್ಕದಲ್ಲಿಟ್ಟು ಕೇಳಬಹುದು. ಹೋದ ತಿಂಗಳು ನನ್ನ ಆಂಪಿನ ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಿಸಿದ ಮೇಲೆ ಹಾಗೆಯೇ ಮಾಡಿದೆ. ಹಮ್ ಇಳಿದಿತ್ತು, ಮಂದ್ರ ಬಿಗಿಯಾಗಿತ್ತು. ಬದಲಿಸುವ ಮುಂಚಿನ ಆಂಪಿನ ದನಿ ಈಗ ಆ ಹಳೆಯ ರೆಕಾರ್ಡಿಂಗಿನಲ್ಲಿ, ಆ ಅಚ್ಚಿನಲ್ಲಿ ಮಾತ್ರ ಉಳಿದಿದೆ.